ಹೆಣ್ಣು ದನಿಯ ಗುದ್ಲೆಪ್ಪ

ಹಾನಗಲ್ಲಿನ ಬಸ್ ನಿಲ್ದಾಣದ ಎದುರಿಗೆ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಗುದ್ಲೆಪ್ಪನನ್ನು ಹಗಲು ಹೊತ್ತಿನಲ್ಲಿ ನೋಡಿದವರು ಯಾರೂ ಹಾಡುಗಾರ ಅನ್ನುತ್ತಿರಲಿಲ್ಲ. ಎತ್ತರದ ಆಳು, ದಪ್ಪ ಮೀಸೆ, ಮೊಣಕೈವರೆಗೆ ಗ್ರೀಸು. ಮಾತಾಡಿದರೆ ಗಡಸು ದನಿ. ಅಂಥವನು ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದನೆಂದರೆ ಹರೆಯದ ಹುಡುಗಿಯ ದನಿ ಹೊರಡುತ್ತಿತ್ತು. ಅಣಕವಲ್ಲ, ಕೀರಲು ಕಿರುಚಾಟವೂ ಅಲ್ಲ. ಕಣ್ಣು ಮುಚ್ಚಿ ಕೇಳಿದರೆ ಒಬ್ಬ ಹೆಣ್ಣುಮಗಳು ಹಾಡುತ್ತಿದ್ದಾಳೆ, ಅಷ್ಟೇ.

ಈ ದನಿ ಎಲ್ಲಿಂದ ಬಂತೆಂದು ಕೇಳಿದವರಿಗೆ ಅವನದು ಒಂದೇ ಉತ್ತರ. ಚಿಕ್ಕವನಿದ್ದಾಗ ತಾಯಿ ಯಂಕವ್ವ ಭತ್ತದ ನಾಟಿಗೆ ಹೋಗುವಾಗ ಇವನನ್ನು ಬದುವಿನ ಮೇಲೆ ಕೂರಿಸುತ್ತಿದ್ದಳಂತೆ. ಗದ್ದೆ ತುಂಬ ಹೆಂಗಸರು, ಹೆಂಗಸರ ಹಾಡು. "ಹಾಡು ಅಂದ್ರ ಹಿಂಗ ಇರ್ತೈತಿ ಅಂತ ತಿಳ್ಕೊಂಡ್ನಿ" ಎನ್ನುತ್ತಿದ್ದ. ಅದರಲ್ಲಿ ಸೋಜಿಗ ಪಡುವಂಥದ್ದು ಏನಿದೆ ಎಂಬಂತೆ ಮತ್ತೆ ಪಂಕ್ಚರು ಹಚ್ಚಲು ಬಗ್ಗುತ್ತಿದ್ದ.

ನಾನು ಸವಣೂರಿನವನು, ಹೆಸರು ಪ್ರಹ್ಲಾದ, ಹಾನಗಲ್ಲಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ನಮ್ಮ ಮನೆತನದಲ್ಲಿ ಅಜ್ಜನವರೆಗೂ ಎಲ್ಲರೂ ಶಾಸ್ತ್ರ ಹೇಳಿ ಬದುಕಿದವರು. ನಾನು ಮಾತ್ರ ಸಂಜೆಯಾದರೆ ಕರೀಮಸಾಬನ ಆರ್ಕೆಸ್ಟ್ರಾದಲ್ಲಿ ಮೈಕು ಹಿಡಿದು, ಮುಂದಿನ ಹಾಡು ಯಾವುದು, ಹಾಡುವವರು ಯಾರು ಎಂದು ಕೂಗುವವನು. ಸೋದರತ್ತೆ ಭಾಗೀರಥಿಬಾಯಿ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಸಿನಿಮಾ ಹಾಡನ್ನು ಕಣ್ಣೆದುರಿಗೆ ಕೇಳಬೇಕೆಂದರೆ ಕರೀಮಸಾಬ ಬೇಕಿತ್ತು. ಅವನ ಅಕಾರ್ಡಿಯನ್, ಎರಡು ಡ್ರಮ್ಮು, ಒಂದು ಗಿಟಾರು. ಹಾಡಲು ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳಿಸುತ್ತಿರಲಿಲ್ಲ. ಗುದ್ಲೆಪ್ಪ ಸಿಕ್ಕಿದ್ದು ನಮ್ಮ ಪುಣ್ಯ.

ಅವನ ದನಿಯಿಂದ ಎಂಥ ಫಜೀತಿ ಆಗುತ್ತಿತ್ತೆಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಹಿರೇಕೆರೂರಿನಲ್ಲಿ ಒಂದು ಮದುವೆ. ಹೆಂಗಸರೆಲ್ಲ ಒಳಗಿದ್ದರು, ಅವರಿಗೆ ಕೇಳುತ್ತಿದ್ದುದು ಲೌಡ್‌ಸ್ಪೀಕರು ಮಾತ್ರ. ಹಾಡು ಮುಗಿಯುತ್ತಲೇ ಒಂದು ಗುಂಪು ಅರಿಷಿಣ ಕುಂಕುಮ, ಖಣ, ಕೊಬ್ಬರಿ, ಅಕ್ಕಿ ತುಂಬಿದ ಮೊರ ಹಿಡಿದು ವೇದಿಕೆಯ ಹಿಂದೆ ಬಂತು. ಇಷ್ಟು ಚಂದ ಹಾಡಿದ ಹೆಣ್ಣುಮಗಳನ್ನು ಉಡಿ ತುಂಬದೆ ಬರಿಗೈಯಲ್ಲಿ ಕಳಿಸುವುದುಂಟೇ?

"ಹಾಡಿದಾಕಿ ಎಲ್ಲಿದ್ದಾಳ್ರಿ?" ಎಂದು ಹಿರಿಯಳೊಬ್ಬಳು ಕೇಳಿದಳು.

ಬೀಡಿ ಸೇದುತ್ತ ನಿಂತಿದ್ದ ಗುದ್ಲೆಪ್ಪ ಅದನ್ನು ಬಿಸಾಕಿ, "ನಾನ ರೀ ಅವ್ವಾರ" ಎಂದ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಟ್ಟಿ ತಂದ ಉಡಿಯನ್ನು ವಾಪಸು ಒಯ್ಯುವಂತಿಲ್ಲ, ಮೀಸೆಯವನಿಗೆ ತುಂಬುವಂತೆಯೂ ಇಲ್ಲ. ಗುಂಪಿನಲ್ಲಿ ಒಬ್ಬ ಹುಡುಗಿ ತಡೆಯಲಾರದೆ ಗೊಳ್ಳೆಂದು ನಕ್ಕಳು. "ಹೇಂತಿಗೆ ಕೊಡ್ಲಿ ಬಿಡು ಯವ್ವಾ, ಇಸ್ಕೊಳ್ರಿ" ಎಂದಳು. ಗುದ್ಲೆಪ್ಪ ಟವೆಲ್ಲಿನಲ್ಲಿ ಎಲ್ಲ ಇಸಿದುಕೊಂಡು, "ಹೇಂತಿ ಇಲ್ರಿ ಇನ್ನೂ" ಎಂದ. ಆ ಹುಡುಗಿ ದುರಗವ್ವ, ಅಬಲೂರಿನ ಹೊಳಬಸಪ್ಪನ ಮಗಳು. ಆರು ತಿಂಗಳಲ್ಲಿ ಹೆಣ್ಣು ಕೇಳಲು ಹೋದವರಲ್ಲಿ ನಾನೂ ಒಬ್ಬ.

ಹೊಳಬಸಪ್ಪ ಜೋಳ ಬೆಳೆಯುವ ರೈತ. ಕೆಟ್ಟವನಲ್ಲ, ಆದರೆ ಹಿಡಿದಿದ್ದನ್ನು ಬಿಡುವವನೂ ಅಲ್ಲ. ಅವನ ತಮ್ಮನೊಬ್ಬ ನಾಟಕ ಕಂಪನಿ ಸೇರಿ ಹೆಣ್ಣುಪಾತ್ರ ಮಾಡುತ್ತ ಊರು ಬಿಟ್ಟವನು ಮತ್ತೆ ಬಂದಿರಲಿಲ್ಲ. ಊರವರು ಆಡಿಕೊಂಡಿದ್ದನ್ನು ಆ ಮನೆ ಇನ್ನೂ ಮರೆತಿರಲಿಲ್ಲ.

"ಹಾಡು, ಬ್ಯಾಡ ಅನ್ನಂಗಿಲ್ಲ" ಎಂದ ಹೊಳಬಸಪ್ಪ. "ಆದ್ರ ನನ್ನ ಅಳಿಯಾ ಸೀರಿ ಉಟ್ಟು ಮಂದಿ ಮುಂದ ನಿಲ್ಲಬಾರ್ದು. ಗುಡಿಗೆ ಬಂದು ಆಣಿ ಮಾಡ್ತೀಯೇನಪಾ?"

ಗುದ್ಲೆಪ್ಪ ಊರ ಗುಡಿಯಲ್ಲಿ ಕಂಬ ಮುಟ್ಟಿ ಆಣೆ ಮಾಡಿದ. ಅದಕ್ಕೆ ತಪ್ಪಿ ನಡೆಯುವ ಮನುಷ್ಯ ಅವನಲ್ಲವೇ ಅಲ್ಲ. ಎಂಬತ್ತೊಂದರಲ್ಲಿ ಮದುವೆಯಾಯಿತು. ನಾಲ್ಕು ವರ್ಷ ಇಬ್ಬರೂ ಸುಖವಾಗಿದ್ದರು. ಅವಳು ಅವನನ್ನು ಕಾಡಿಸುವುದು, ಅವನು ಮೀಸೆಯಲ್ಲಿ ನಗುವುದು, ನೋಡಲು ಚಂದವಿತ್ತು.

ಆಮೇಲೆ ಸಿನಿಮಾ ಬಂತು. ಶಿಗ್ಗಾವಿಯ ಗಣಪತಿ ಹಬ್ಬದಲ್ಲಿ ನಮ್ಮ ಕಾರ್ಯಕ್ರಮ ಕೇಳಿದ ಸಂಗೀತ ನಿರ್ದೇಶಕರೊಬ್ಬರು ಗುದ್ಲೆಪ್ಪನನ್ನು ಬೆಂಗಳೂರಿಗೆ ಕರೆಸಿಕೊಂಡರು. ಸಾಲಗಾರರಿಂದ ತಪ್ಪಿಸಿಕೊಳ್ಳಲು ಸೀರೆ ಉಟ್ಟ ಹಾಸ್ಯನಟನೊಬ್ಬ ಬಳೆಗಾರನನ್ನು ಬೈಯುತ್ತ ಹಾಡುವ ಸನ್ನಿವೇಶ. ನಟ ತುಟಿ ಆಡಿಸುವುದು, ದನಿ ನಮ್ಮವನದು. ಒಂದೇ ದಿನದಲ್ಲಿ ಹಾಡಿ ಬಂದ. ಹಾಡು ರೇಡಿಯೋದಲ್ಲಿ ಬಂತು, ಹೋಟೆಲುಗಳಲ್ಲಿ ಬಂತು, ಬಸ್ಸಿನ ಕಂಡಕ್ಟರೂ ಗುನುಗಿದ. ನಾನು ಮೈಕಿನಲ್ಲಿ "ಚಲನಚಿತ್ರ ಗಾಯಕ" ಎಂದು ಸೇರಿಸಿದೆ.

ಚಿತ್ರ ಹಿರೇಕೆರೂರಿನ ಟೆಂಟಿಗೆ ಬರುವ ಹೊತ್ತಿಗೆ ದುರಗವ್ವ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಅಳಿಯನ ಹಾಡಿದೆಯೆಂದು ಹೊಳಬಸಪ್ಪ ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋದ. ಪರದೆಯ ಮೇಲೆ ಎತ್ತರದ ಆಸಾಮಿ, ಹಸಿರು ಸೀರೆ, ತುರುಬು, ಮುಖದ ತುಂಬ ಬಣ್ಣ, ಬಾಯಿ ತೆರೆದರೆ ಅಳಿಯನ ದನಿ. ಬೇರೆ ಹಾಡುಗಳಲ್ಲಿ ದನಿ ಒಬ್ಬರದು, ಮುಖ ಒಬ್ಬರದು ಎಂಬುದು ಅಬಲೂರಿನವರಿಗೂ ಗೊತ್ತಿತ್ತು. ಆದರೆ ಹೆಣ್ಣು ದನಿಯಲ್ಲಿ ಹಾಡುವ ಗಂಡಸು ಈ ಸೀಮೆಗೇ ಒಬ್ಬ. ಸೀರೆಯೊಳಗೆ ಇರುವುದೂ ಗಂಡಸು. ಮೀಸೆ ಬೋಳಿಸಿ ಬಣ್ಣ ಹಚ್ಚಿದರೆ ಯಾರ ಗುರುತು ಸಿಕ್ಕೀತು? ಟೆಂಟಿನಲ್ಲಿ ಯಾರೋ "ಹೊಳಬಸಪ್ಪನ ಅಳಿಯಾ ನೋಡ್ರಲೇ!" ಎಂದು ಸಿಳ್ಳೆ ಹೊಡೆದರು. ಹೊಳಬಸಪ್ಪ ಅರ್ಧಕ್ಕೇ ಎದ್ದು ಬಂದ.

ಗಂಡು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗುದ್ಲೆಪ್ಪ ಹೊಸ ಕುಂಚಿಗೆ, ಬೆಳ್ಳಿಯ ಕಾಲ್ಗಡಗ ಹಿಡಿದು ಅಬಲೂರಿಗೆ ಹೋದರೆ ಮಾವ ಬಸ್ಸು ನಿಲ್ಲುವಲ್ಲಿಯೇ ನಿಂತಿದ್ದ.

"ಆಣಿ ಮುರದಾವ ನನ್ನ ಹೊಸ್ತಿಲಾ ತುಳಿಯೂದು ಬ್ಯಾಡ. ಮಗಳನ್ನ ಕಳಸಂಗಿಲ್ಲ."

"ಅದು ನಾ ಅಲ್ರಿ ಮಾಂವಾರ!"

"ದನಿ ನಿಂದಲ್ಲೇನು?"

"ದನಿ ನಂದರಿ..."

"ಮತ್ತ?"

ಅದೇ ಬಸ್ಸಿಗೆ ಗುದ್ಲೆಪ್ಪ ಮರಳಿ ಬಂದ. ಕುಂಚಿಗೆಯ ಗಂಟನ್ನು ನನ್ನ ಮೇಜಿನ ಮೇಲಿಟ್ಟು ಅತ್ತುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ಹೋಗು, ಜಗಳವಾಡಿಯಾದರೂ ಕರೆದುಕೊಂಡು ಬಾ ಎಂದೆ. "ಕರೀಲಾರದ ಅಳಿಯಾ ಹೆಂಗ ಹೋಗೂದ್ರಿ?" ಎಂದ. ಅಲ್ಲಿ ಮಾವ, ತಪ್ಪು ಒಪ್ಪಿಕೊಂಡು ಅಳಿಯನೇ ಬರಲಿ ಎಂದು ಕೂತ. ಇಲ್ಲಿ ಇವನು, ಕರೆ ಬರಲಿ ಎಂದು ಕೂತ. ನಮ್ಮ ಮಂದಿಯ ಮರ್ಯಾದೆಗೆ ಬೆಂಕಿ ಬೀಳಲಿ, ಅದರಲ್ಲಿ ಎರಡು ವರ್ಷ ಹೋಯಿತು. ಕರೀಮಸಾಬ ಅಬಲೂರಿಗೆ ಹೋಗಿ ಹೇಳಿ ನೋಡಿದ. "ನೀವು ಅವನ ಕಡಿಯಾವ್ರು" ಎಂದು ಹೊಳಬಸಪ್ಪ ಚಹಾ ಕುಡಿಸಿ ಕಳಿಸಿದ.

ಎಂಬತ್ತೇಳರಲ್ಲಿ ಬೆಂಗಳೂರಿನ ಟೀವಿಯವರಿಂದ ಕರೆ ಬಂತು. ಜನ ಮೆಚ್ಚಿದ ಆ ಹಾಡನ್ನು ಮತ್ತೆ ಚಿತ್ರೀಕರಿಸಿ ತೋರಿಸುತ್ತಾರಂತೆ. ಗುದ್ಲೆಪ್ಪ ರಜೆ ಹಾಕಿಸಿ ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿನ ನಿರ್ಮಾಪಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವೇ ಸೀರೆ ಉಟ್ಟು ಹಾಡಿದರೆ ಇನ್ನೂ ಮಜಾ ಇರುತ್ತೆ" ಎಂದರು.

"ಒಲ್ಲೆರಿ" ಎಂದ ಗುದ್ಲೆಪ್ಪ.

"ಹಾಗಾದರೆ ಸಿನಿಮಾದಲ್ಲಿ ಮಾಡಿದ ನಟರೇ ಇದ್ದಾರೆ. ಅವರೇ ಕಾಣಿಸಿಕೊಳ್ಳಲಿ, ನೀವು ಒಳಗಿಂದ ಹಾಡಿ."

"ನಾನೂ ಕಾಣಬೇಕ್ರಿ. ಅವರ ಬಾಜೂಕ."

ಹಾಡುವವನು ಕಂಡರೆ ತಮಾಷೆಯೆಲ್ಲ ಕೆಡುತ್ತದೆ ಎಂದರು ನಿರ್ಮಾಪಕರು. ನನಗೆ ತಡೆಯಲಾಗಲಿಲ್ಲ. "ನಿಮ್ಮ ತಮಾಷೆಯಿಂದನ ಇವನ ಸಂಸಾರ ಕೆಟ್ಟೈತ್ರಿ!" ಎಂದು ಕೂಗಿ ಇದ್ದದ್ದೆಲ್ಲ ಹೇಳಿಬಿಟ್ಟೆ. ಮೂಲೆಯಲ್ಲಿ ಅರ್ಧ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಹಾಸ್ಯನಟ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. "ಅಯ್ಯೋ ಪಾಪ, ನನ್ನ ಸೀರೆಗೆ ಇವರ ಹೆಂಡತಿ ಯಾಕೆ ದೂರ ಇರಬೇಕು? ಇವರು ಪಕ್ಕದಲ್ಲೇ ಮೈಕು ಹಿಡಿದು ನಿಲ್ಲಲಿ. ಕೊನೆಗೆ ನಾನು ತುರುಬು ತೆಗೆದು ಕೈ ಮುಗಿಯುತ್ತೇನೆ. ಅದಕ್ಕೂ ಜನ ನಗುತ್ತಾರೆ" ಎಂದ. ದೇವರಂಥ ಮನುಷ್ಯ. ನಿರ್ಮಾಪಕರು ಒಪ್ಪಿದರು.

ಪ್ರಸಾರದ ದಿನ ಗುದ್ಲೆಪ್ಪ ಹಾನಗಲ್ಲು ಬಿಟ್ಟು ಕದಲಲಿಲ್ಲ. ನಾನು ಹಿರೇಕೆರೂರಿಗೆ ಹೋದೆ. ಅಲ್ಲಿ ಪರಮೇಶಪ್ಪ ಎಂಬ ಅಡತಿ ಅಂಗಡಿಯವರ ಮನೆಯಲ್ಲಿ ಟೀವಿ ಇತ್ತು, ಹೊಳಬಸಪ್ಪ ಕಾಳು ಹಾಕುವುದು ಅವರಿಗೇ. ವ್ಯವಹಾರದ ಮಾತಿದೆ ಎಂದು ಅವರಿಂದಲೇ ಹೇಳಿ ಕಳಿಸಿ ಮುದುಕನನ್ನು ಕರೆಸಿದ್ದೆ. ಪಡಸಾಲೆ ತುಂಬ ಓಣಿಯ ಜನ. ನನ್ನನ್ನು ಕಂಡದ್ದೇ ಹೊಳಬಸಪ್ಪ ಎದ್ದು ನಿಂತ. "ಕುಂಡ್ರಿ, ಬಂದಿದ್ದಕ್ಕ ಒಂದ್ ಹಾಡು ನೋಡ್ರಿ" ಎಂದು ಪರಮೇಶಪ್ಪ ಕೈ ಹಿಡಿದು ಕೂರಿಸಿದರು.

ಹಾಡು ಶುರುವಾಯಿತು. ಹಸಿರು ಸೀರೆಯ ನಟ ಬಳುಕುತ್ತ ಬಂದ. ಹೊಳಬಸಪ್ಪ ಮುಖ ತಿರುಗಿಸಿದ. ಅಷ್ಟರಲ್ಲಿ ಚಿತ್ರವೇ ಹೋಯಿತು! ಪರದೆಯ ತುಂಬ ಬಿಳಿ ಚುಕ್ಕೆ, ದನಿ ಮಾತ್ರ ಬರುತ್ತಿದೆ. ಹಾಳು ದನಿಯೊಂದೇ ಬಂದು ಏನು ಉಪಯೋಗ? ಪರಮೇಶಪ್ಪನವರ ಅಣ್ಣ ಮಾಳಿಗೆ ಹತ್ತಿ ಆಂಟೆನಾ ತಿರುಗಿಸತೊಡಗಿದರು. ನಾನು ಅಂಗಳದಲ್ಲಿ ನಿಂತು "ಇನ್ನಷ್ಟು ತಿರುಗಸ್ರಿ, ಈ ಕಡೆ, ಈ ಕಡೆ" ಎಂದು ಬಡಕೊಂಡೆ. ಎಷ್ಟೋ ಸಭೆಗಳಲ್ಲಿ ಕೂಗಿದ್ದೇನೆ, ಅಂದಿನಷ್ಟು ಭಯದಿಂದ ಎಂದೂ ಕೂಗಿಲ್ಲ.

ಚಿತ್ರ ಬಂತು. ನಡುಗುತ್ತಿತ್ತು, ಆದರೂ ಸ್ಪಷ್ಟವಿತ್ತು. ಎಡಗಡೆ ಸೀರೆಯವನು. ಬಲಗಡೆ ಮೈಕು ಹಿಡಿದು, ಕೋಟು ಹಾಕಿ, ಕಣ್ಣು ಮುಚ್ಚಿ, ಮೀಸೆ ಸಮೇತ ನಮ್ಮ ಗುದ್ಲೆಪ್ಪ. ಹಾಡಿನ ಕೊನೆಗೆ ಸೀರೆಯವನು ತುರುಬು ಕಿತ್ತು ಕೈಯಲ್ಲಿ ಹಿಡಿದ. ಬೋಳು ತಲೆ ಫಳಫಳ ಹೊಳೆಯಿತು. ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಹೊಳಬಸಪ್ಪ ನಗಲಿಲ್ಲ. ರುಮಾಲು ತೆಗೆದು ಮುಖ ಒರೆಸಿಕೊಂಡ. "ಇಬ್ರು ಅದಾರಲ್ರಿ" ಎಂದ. ನನ್ನತ್ತ ತಿರುಗಿ, "ನಾಳೆ ಅಳಿಯನ್ನ ಕರ್ಕೊಂಡ ಬರ್ರಿ. ನಾ ಕರದೇನಿ ಅಂತ ಹೇಳ್ರಿ" ಎಂದ. ನಾನು ಹಾನಗಲ್ಲಿನ ಬಸ್ಸು ಹಿಡಿಯಲು ಓಡಿದೆ.

ಮರುದಿನ ಮಧ್ಯಾಹ್ನ ನಾವಿಬ್ಬರೂ ಅಬಲೂರಿನ ಆ ಮನೆಯ ಮುಂದೆ ನಿಂತೆವು. ಕಾಲಿಗೆ ನೀರು ತಂದವಳು ದುರಗವ್ವ. ಸೊಂಟದ ಮೇಲೆ ಮಗು. ಗುದ್ಲೆಪ್ಪ ಒಮ್ಮೆ ಅವಳನ್ನು, ಒಮ್ಮೆ ಮಗುವನ್ನು ನೋಡುತ್ತ ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

"ಟೀವಿಯಾಗ ಚಲೋ ಕಂಡ್ರಂತ, ಅಪ್ಪ ಹೇಳಿದ" ಎಂದಳು ಅವಳು.

"ಇನ್ನರ ನಂಬಿಕಿ ಬಂತಿಲ್ಲೋ, ಅಂವ ನಾ ಅಲ್ಲ ಅಂತ?"

"ನನಗ ಅವತ್ತ ಟೆಂಟಿನ್ಯಾಗನ ಗೊತ್ತಾತು. ನನ್ನ ಗಂಡನ್ನ ನಾ ಗುರ್ತ ಹಿಡೀಲಾರೆನೇನು? ಅಪ್ಪಗ ಬಡಕೊಂಡು ಹೇಳಿದ್ನಿ. ಗಂಡನ ತಪ್ಪ ಮುಚ್ಚಿಡ್ತಾಳ ಅಂದ್ರು. ನೀವು ಬಸ್ಸಿಳಿದಾವ್ರು ಹಂಗ ಹಿಂದ ಹೋದ್ರಿ. ಬಾಗಲತನಕ ಬಂದಿದ್ರ ಅವತ್ತ ಕೂಸಿನ್ನ ಎತ್ಕೊಂಡು ನಿಮ್ಮ ಬೆನ್ನ ಹತ್ತತಿದ್ನಿ."

ಬೈಯುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಒಳಗೆ ಹೊಳಬಸಪ್ಪ ಕೆಮ್ಮಿದ. ಮಾವನ ಮಾತು ಕೇಳಿದೆವು, ಮಂದಿಯ ಮಾತು ಕೇಳಿದೆವು, ಬೆಂಗಳೂರಿಗೆ ಹೋಗಿ ಯಾರ್ಯಾರನ್ನೋ ಬೇಡಿಕೊಂಡೆವು. ಇವಳನ್ನು ಒಂದು ಮಾತು ಕೇಳಬೇಕೆಂದು ಎರಡು ವರ್ಷದಲ್ಲಿ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

"ಇನ್ನೊಮ್ಮಿ ಯಾರರ ತಡದ್ರ?" ಎಂದು ಕೇಳಿದಳು.

"ಬಾಗಲತನಕ ಬರ್ತೇನಿ" ಎಂದ ಗುದ್ಲೆಪ್ಪ, ತನ್ನ ಆ ಗಡಸು ದನಿಯಲ್ಲಿ.

ಅವಳು ತಂಬಿಗೆಯ ನೀರನ್ನು ಅವನ ಕೈಗೆ ಕೊಡಲಿಲ್ಲ, ತಾನೇ ಬಗ್ಗಿ ಅವನ ಕಾಲಿಗೆ ಸುರಿದಳು. ಆಮೇಲೆ ಮಗುವನ್ನು ಅವನ ಕೈಗಿಟ್ಟು, ಬಟ್ಟೆ ಗಂಟು ತರಲು ಒಳಗೆ ಹೋದಳು.