ಹನುಮೇಶನ ಬುತ್ತಿ

ನನ್ನ ತಮ್ಮ ಹನುಮೇಶನ ನಾಲಿಗೆ ಒಂದು ತಿಂಗಳು ಇದ್ದಂತೆ ಮರುತಿಂಗಳು ಇರುತ್ತಿರಲಿಲ್ಲ. ಅದೇ ಕೈ, ಅದೇ ಒಲೆ. ಆದರೂ ನಾನು ಕಟ್ಟಿಕೊಟ್ಟ ಬುತ್ತಿಗೆ ಒಂದು ಸಲ ‘ಬದನಿಕಾಯಿಗೆ ಉಪ್ಪು ಕಡಿಮಿ’ ಎನ್ನುತ್ತಿದ್ದ, ಇನ್ನೊಂದು ಸಲ ‘ಖಾರ ಭಾಳ ಆತು’ ಎನ್ನುತ್ತಿದ್ದ. ಮತ್ತೊಂದು ಸಲ ಗುರೆಳ್ಳು ಚಟ್ನಿಪುಡಿಗೆ ಬೆಳ್ಳುಳ್ಳಿ ಇನ್ನಷ್ಟು ಬೇಕಿತ್ತಂತೆ. ಬೆಳ್ಳುಳ್ಳಿ ಕಂಡರೆ ಸಣ್ಣವನಿದ್ದಾಗಿನಿಂದ ಆರಿಸಿ ತಟ್ಟೆಯ ಅಂಚಿಗೆ ತಳ್ಳುವವನು ಅವನು. “ನಿನ್ನ ಬಾಯಾಗ ಎಷ್ಟು ನಾಲಿಗಿ ಅದಾವೋ?” ಎಂದು ನಾನು ರೇಗಿದರೆ ನಗುತ್ತ ಬಚ್ಚಲುಮನೆಗೆ ಹೋಗಿಬಿಡುತ್ತಿದ್ದ.

ಅವನು ಪತ್ರಕರ್ತ. ಹಾಗೆಂದ ಕೂಡಲೇ ಜನ ಮೈಕು ಹಿಡಿದು ಮಂತ್ರಿಗಳ ಕಾರಿನ ಹಿಂದೆ ಓಡುವವನೆಂದುಕೊಳ್ಳುತ್ತಾರೆ. ಇವನು ಓಡಿದ್ದೆಲ್ಲ ಬಸ್ಸಿನ ಹಿಂದೆ. ಕೊಪ್ಪಳದ ಪತ್ರಿಕೆಯೊಂದರಲ್ಲಿ ವಾರಕ್ಕೊಮ್ಮೆ ‘ಬಾಜೂ ಊರು’ ಎಂಬ ಅಂಕಣ ಬರೆಯುತ್ತಿದ್ದ. ಗೋವಾ, ಊಟಿ ಅವನಿಗೆ ಬೇಕಿರಲಿಲ್ಲ. ಕುಷ್ಟಗಿಯ ಆಚೆಗಿನ ಒಂದು ಮೆಟ್ಟಿಲುಬಾವಿ, ಯಲಬುರ್ಗಾ ಕಡೆಯ ಹೊಲದ ನಡುವಿನ ಕಲ್ಲುಗುಡಿ, ಸಿದ್ದಾಪುರದಲ್ಲಿ ಭತ್ತ ನಾಟಿಯ ಹೆಂಗಸರು ಉಣ್ಣಲು ಕೂರುವ ಕಾಲುವೆ ದಂಡೆ, ಇಂಥವೇ. “ಮಂದಿ ತಿರುಪತಿಗೆ ಹೋಗಿ ಬರ್ತಾರ, ಬಾಜೂ ಊರು ನೋಡಿರಂಗಿಲ್ಲ ಅಕ್ಕಾ” ಎನ್ನುತ್ತಿದ್ದ. ಬರೆದು ಸುಮ್ಮನಿದ್ದರೂ ಆಗುತ್ತಿತ್ತು. ತಿಂಗಳ ಕೊನೆಯ ಭಾನುವಾರ ಓದುಗರನ್ನೇ ಕಟ್ಟಿಕೊಂಡು ಹೊರಡುತ್ತಿದ್ದ. ಅಂಕಣದ ಕೆಳಗೆ ಎರಡು ಸಾಲು: ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಕಬ್ಬಿನಹಾಲಿನ ಅಂಗಡಿ ಹತ್ತಿರ ಬನ್ನಿ, ಬುತ್ತಿ ತನ್ನಿ. ಯಾರು ಬೇಕಾದರೂ ಬರಬಹುದಿತ್ತು. ಬಸ್ಸಿನ ಚಾರ್ಜು ಅವರವರದು.

ನಾನು ಒಮ್ಮೆಯೂ ಹೋದವಳಲ್ಲ. ಹೆಸರು ವಿಜಯಲಕ್ಷ್ಮಿ, ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು, ಮಕ್ಕಳಿಗೆ ‘ಕೈ ಕಟ್ಟಿ ಕೂಡ್ರಿ’ ಎಂದು ಹೇಳುತ್ತಲೇ ನಿವೃತ್ತಳಾದವಳು. ಶಾಲೆಯ ಪ್ರವಾಸಕ್ಕೂ ನಾನು ಒಪ್ಪುತ್ತಿರಲಿಲ್ಲ. ಯಾವನಾದರೂ ಕೆರೆಗೆ ಬಿದ್ದರೆ ಯಾರು ಉತ್ತರ ಕೊಡಬೇಕು? ಅಂಥವಳ ಬೆನ್ನಿಗೆ ಇಂಥ ತಮ್ಮ ಹುಟ್ಟಿದ್ದ. ಮದುವೆ ಬೇಡವೆಂದ, ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಉಳಿದ. ನನ್ನ ಗಂಡ ಕಾಶಿನಾಥ ಮಾತು ಕಡಿಮೆಯ ಮನುಷ್ಯ. ಅವರಿಗೂ ಹನುಮೇಶ ತಂದು ಹೇಳುವ ಊರಿನ ಕತೆಗಳು ಸೇರುತ್ತಿದ್ದವು. ಮನೆಯಲ್ಲಿ ಬೈಯುವವಳು ನಾನೊಬ್ಬಳೇ, ಬುತ್ತಿ ಕಟ್ಟುವವಳೂ ನಾನೊಬ್ಬಳೇ.

ಹೋದ ವರ್ಷ ಒಂದು ಮಂಗಳವಾರ ಯಲಬುರ್ಗಾದಿಂದ ಬಂದ ಸಂಜೆಯ ಬಸ್ಸು ಕೊಪ್ಪಳದಲ್ಲಿ ನಿಂತಿತು. ಎಲ್ಲರೂ ಇಳಿದರು, ಇವನು ಇಳಿಯಲಿಲ್ಲ. ಕಿಟಕಿಗೆ ತಲೆ ಆನಿಸಿ ಕೂತಿದ್ದನಂತೆ. ನಿದ್ದೆ ಹತ್ತಿದೆಯೆಂದು ಕಂಡಕ್ಟರು ಭುಜ ಮುಟ್ಟಿ ಎಬ್ಬಿಸಲು ನೋಡಿದ. ಹೃದಯ ನಿಂತಿತ್ತು. ಇನ್ನೂ ಐವತ್ತು ತುಂಬಿರಲಿಲ್ಲ ನನ್ನ ತಮ್ಮನಿಗೆ.

ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಆ ಬಸ್ಸುಗಳ ಮೇಲೆ, ಆ ಊರುಗಳ ಮೇಲೆ, ಅವನನ್ನು ಕರೆಕರೆದು ತಿರುಗಿಸಿದ ಮಂದಿಯ ಮೇಲೆ. ಮನೆಯಲ್ಲಿ ಕೂತಿದ್ದರೆ ಬದುಕುತ್ತಿದ್ದ ಎಂದು ಬಂದವರೆದುರೆಲ್ಲ ಹೇಳಿದೆ. ಹಾಗಲ್ಲವೆಂದು ಡಾಕ್ಟರು ತಿಳಿಸಿ ಹೇಳಿದರೂ ನನ್ನ ಕಿವಿಗೆ ಹೋಗಲಿಲ್ಲ.

ದಿನದ ಕಾರ್ಯವೆಲ್ಲ ಮುಗಿದ ಮೇಲೆ ಕಾಶಿನಾಥ ಮೆಲ್ಲಗೆ ನೆನಪು ಮಾಡಿದರು. ಸಾಯುವ ಮೊದಲಿನ ಭಾನುವಾರದ ಅಂಕಣದಲ್ಲಿ ಹನುಮೇಶ ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ಬರಲು ಮಂದಿಗೆ ಹೇಳಿಬಿಟ್ಟಿದ್ದ. ಆ ಭಾನುವಾರ ನಾಳೆಯೇ.

“ಬರೂದಿಲ್ಲ ಬಿಡ್ರಿ ಯಾರೂ. ಪೇಪರಿನಾಗ ಸುದ್ದಿ ಬಂದೈತಿ” ಎಂದೆ.

“ಸುದ್ದಿ ಓದಲಾರದವ್ರು ಬಂದ್ರ? ಕಾದು ನಿಂತಿರ್ತಾರ ಪಾಪ.”

ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದು ನೆನಪಿದೆ. ಆಮೇಲೆ ನೋಡುತ್ತೇನೆ, ರೊಟ್ಟಿ ಬಡಿದಾಗಿದೆ, ಬದನೆಕಾಯಿ ಎಣ್ಣೆಗಾಯಿ ಆಗಿದೆ, ಹಸಿರು ಚೌಕಳಿಯ ಅರಿವೆ ಹಾಸಿ ಗಂಟು ಕಟ್ಟುತ್ತಿದ್ದೇನೆ. ತಿಂಗಳ ಕೊನೆಯ ಭಾನುವಾರ ಅಂದರೆ ಕೈಗೆ ಅದೇ ರೂಢಿ. ಕಾಶಿನಾಥ ನೋಡುತ್ತ ನಿಂತಿದ್ದರು.

“ಅವ್ರನ್ನ ಹೊಳ್ಳಿ ಕಳಿಸಿ ಬರ್ತೀನಿ” ಎಂದೆ.

“ಮತ್ತ ಬುತ್ತಿ?”

“ಹಸದವ್ರು ಯಾರರ ಇದ್ರ ಕೊಟ್ಟು ಬರ್ತೀನಿ. ಮನ್ಯಾಗ ಇಟ್ಟು ಅದನ್ನ ನೋಡ್ಕೋತ ಕೂಡ್ಲೇನು?”

ಕಬ್ಬಿನಹಾಲಿನ ಅಂಗಡಿಯ ಮುಂದೆ ಒಂದು ಬಸ್ಸು ತುಂಬುವಷ್ಟು ಜನ. ನಾನು ನೇರ ಹೋಗಿ ನಡುವೆ ನಿಂತು ಶಾಲೆಯ ದನಿಯಲ್ಲೇ ಹೇಳಿದೆ. “ನಾನು ಹನುಮೇಶನ ಅಕ್ಕ. ಹನುಮೇಶ ತೀರಿಕೊಂಡಾನ. ಇವತ್ತು ಎಲ್ಲಿಗೂ ಹೋಗೂದಿಲ್ಲ. ಎಲ್ಲಾರೂ ನಿಮ್ಮ ನಿಮ್ಮ ಮನಿಗಿ ಹೋಗ್ರಿ.”

ಯಾರೂ ಅಲುಗಲಿಲ್ಲ. ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಮುಂದೆ ಬಂದರು. ಮಕ್ಬುಲಸಾಬ, ಜವಾಹರ ರಸ್ತೆಯ ಹತ್ತಿರ ಹೊಲಿಗೆ ಅಂಗಡಿ ಇಟ್ಟವರಂತೆ. ಪಕ್ಕದಲ್ಲಿ ಅವರ ಹೆಂಡತಿ ತಾಜಬೀ.

“ಗೊತ್ತೈತ್ರಿ ಅಕ್ಕಾರ. ಮಣ್ಣಿಗೂ ಬಂದಿದ್ವಿ ನಾವು. ಗೊತ್ತಿದ್ದೇ ಬಂದೀವಿ” ಎಂದರು. “ಆತ ಹೇಳಿದ ದಿನ ಐತಿ ಇದು. ಮನ್ಯಾಗ ಹೆಂಗ ಕೂಡೂದು?”

ಗೊತ್ತಿಲ್ಲದೆ ಬಂದವರೂ ಇದ್ದರು. ಕುಷ್ಟಗಿ ಕಡೆಯಿಂದ ಕತ್ತಲಲ್ಲೇ ಎದ್ದು ಬಸ್ಸು ಹಿಡಿದ ಮಾರೆಪ್ಪ ಎಂಬ ಕೂಲಿಯವನು ನನ್ನ ಮಾತು ಕೇಳಿ ಕಟ್ಟೆಯ ಮೇಲೆ ಕುಸಿದು ಕೂತ. ಅಂಕಣ ಓದುತ್ತ ಬಂದು ಇದೇ ಮೊದಲ ಸಲ ಹೊರಟಿದ್ದನಂತೆ, ಹೆಂಡತಿ ಗಾಳೆಮ್ಮನನ್ನೂ ಕರೆದುಕೊಂಡು. “ಮದಿವಿಗೆ, ಮಣ್ಣಿಗೆ ಬಿಟ್ರ ಈಕೀನ ನಾ ಎಲ್ಲಿಗೂ ಕರಕೊಂಡು ಹೋಗಿಲ್ರಿ” ಎಂದ. “ಹಂಗಾರ ಹೊಳ್ಳಿ ಹೋಗೂದೇನ್ರಿ?”

ಗಾಳೆಮ್ಮ ಹೊಸ ಸೀರೆ ಉಟ್ಟಿದ್ದಳು. ತೊಡೆಯ ಮೇಲಿದ್ದ ಬುತ್ತಿಯ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅಷ್ಟರಲ್ಲಿ ಗಂಗಾವತಿಯ ಬಸ್ಸು ಬಂದು ನಿಂತಿತು. ಇಷ್ಟು ಮಂದಿಯನ್ನು ಹೇಳುವವರು ಕೇಳುವವರಿಲ್ಲದೆ ಆ ಬಂಡೆಗಲ್ಲುಗಳ ಮೇಲೆ ಹತ್ತಲು ಬಿಡುವುದು ಹೇಗೆ? “ಹತ್ರಿ ಹಂಗಾರ, ದೂಡ್ಯಾಡಬ್ಯಾಡ್ರಿ, ಸಾಲು ಹಿಡೀರಿ” ಎಂದು ನಾನೇ ಬಾಗಿಲ ಹತ್ತಿರ ನಿಂತು ಎಲ್ಲರನ್ನೂ ಹತ್ತಿಸಿದೆ. ಕಡೆಯವಳಾಗಿ ನಾನೂ ಹತ್ತಿದೆ.

ಬಸ್ಸಿನಲ್ಲಿ ತಾಜಬೀ ನನ್ನ ಪಕ್ಕದಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು. “ಇದು ಕಡೀದೇನ್ರಿ ಅಕ್ಕಾರ?”

“ಹೌದ್ರಿ. ಇದೇ ಕಡೀದು.”

ಅವರು ತಲೆ ಆಡಿಸಿದರು. “ನನಗ ಮೊದಲು ನಮ್ಮ ಗಲ್ಲಿ ಬಿಟ್ರ ಬ್ಯಾರೆ ಏನೂ ಗೊತ್ತಿರ್ಲಿಲ್ರಿ. ದಿನಾ ಗುಂಡಿ ಹಚ್ಚೂದು, ಕಾಜಾ ಮಾಡೂದು. ಹನುಮೇಶಣ್ಣ ನಮ್ಮವರ ಅಂಗಡಿಗೆ ಪ್ಯಾಂಟು ಕೊಡಾಕ ಬಂದು, ನನ್ನ ನೋಡಿ, ‘ಅಕ್ಕಾರು ಬರದಿದ್ರ ನಿಮ್ಮನ್ನೂ ಕರಕೊಂಡು ಹೋಗೂದಿಲ್ಲ’ ಅಂತ ಇವರಿಗೆ ಅಂದ. ಅವತ್ತಿಂದ ಒಂದು ಐತ್ವಾರನೂ ತಪ್ಪಿಸಿಲ್ಲ ನಾನು.” ಆಮೇಲೆ ಕಿಟಕಿಯ ಕಡೆ ತಿರುಗಿದರು. ಮುಂದಿನ ಸೀಟಿನಲ್ಲಿದ್ದ ಕಿನ್ನಾಳದ ಹುಲಗೆಮ್ಮ, ಗೊಂಬೆಗಳಿಗೆ ಬಣ್ಣ ಹಾಕುವ ಹೆಂಗಸು, ಹಿಂದೆ ತಿರುಗಿ ನನ್ನ ಮುಖ ನೋಡಿ ಮತ್ತೆ ಮುಂದೆ ತಿರುಗಿದಳು. ಬರುವ ತಿಂಗಳು ಎಲ್ಲರನ್ನೂ ಅವಳ ಊರಿಗೆ ಕರೆತರುತ್ತೇನೆಂದು ಹನುಮೇಶ ಅವಳಿಗೆ ಮಾತು ಕೊಟ್ಟಿದ್ದನೆಂದು ಗುಡ್ಡ ಹತ್ತುವಾಗ ನನಗೆ ತಿಳಿಯಿತು. ಕಡೆಯದು ಎಂದು ಅಷ್ಟು ಗಟ್ಟಿಯಾಗಿ ಹೇಳಿದವಳು ನಾನೇ, ಆದರೂ ಆ ಮಾತು ಬಸ್ಸಿಡೀ ಹರಡಿದ್ದು ನೋಡಿ ನನಗೇ ಕಸಿವಿಸಿಯಾಯಿತು.

ಗುಡ್ಡ ಹತ್ತುವಾಗ ನಾನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಆ ಕಲ್ಲು ಜಾರುತ್ತೈತಿ, ಅಲ್ಲಿ ಮುಳ್ಳು, ಇಲ್ಲಿ ಹುಷಾರು. ಮಕ್ಬುಲಸಾಬರು ಮುಂದೆ ನಡೆದರು, ಅವರು ಹನುಮೇಶನ ಜೊತೆ ಒಮ್ಮೆ ಬಂದಿದ್ದರು. ನನ್ನ ಮೊಣಕಾಲು ಸೋತಾಗ ಗಾಳೆಮ್ಮ ಕೇಳದೆಯೇ ಕೈ ಹಿಡಿದಳು. ಮೇಲೆ ಹೋದರೆ ಬಯಲು, ಬಯಲಿನ ತುಂಬ ಕಲ್ಲಿನ ಮನೆಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಗುಂಡನೆಯ ಕಿಂಡಿ. ಇವು ಇರುವವರ ಮನೆಗಳಲ್ಲ, ಎಷ್ಟೋ ಸಾವಿರ ವರ್ಷದ ಹಿಂದೆ ಸತ್ತವರಿಗಾಗಿ ಕಟ್ಟಿದ್ದು ಎಂದು ಹನುಮೇಶ ಮನೆಯಲ್ಲಿ ಹೇಳುತ್ತಿದ್ದ. ನಾನು ಆಗ ಕಾಳು ಆರಿಸುತ್ತ ಹೂಂಗುಟ್ಟುತ್ತಿದ್ದೆ.

ನೆರಳಿಗೆ ಒಂದು ಚಪ್ಪಡಿಯ ಪಕ್ಕ ಕೂತು ನಾನು ಅತ್ತುಬಿಟ್ಟೆ. ಅವನು ಹೋದ ಮೇಲೆ ಸರಿಯಾಗಿ ಅತ್ತದ್ದು ಅಲ್ಲಿಯೇ. ದೂರದಲ್ಲಿ ಗಂಗಾವತಿ ಕಡೆಯ ಭತ್ತದ ಗದ್ದೆಗಳು ಹಸಿರಾಗಿ ಕಾಣುತ್ತಿದ್ದವು. ಯಾರೂ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ, ಎದ್ದೂ ಹೋಗಲಿಲ್ಲ.

ಹೊಟ್ಟೆ ಹಸಿದಿತ್ತು. ಎಲ್ಲರೂ ಒಂದು ಹಾಸುಬಂಡೆಯ ಮೇಲೆ ಬುತ್ತಿ ಇಡುತ್ತಿದ್ದರು. ನಾನು ನನ್ನ ಗಂಟು ಬಿಚ್ಚಿ, ರೊಟ್ಟಿ ಮುರಿದು, ಬಾಯಿಗೆ ಒಯ್ಯುವಷ್ಟರಲ್ಲಿ ತಾಜಬೀ ನನ್ನ ಕೈ ಹಿಡಿದರು.

“ತಮ್ಮ ಬುತ್ತಿ ತಾವು ಉಣ್ಣಂಗಿಲ್ರಿ ಅಕ್ಕಾರ.”

“ಯಾಕ್ರಿ?”

“ಹನುಮೇಶಣ್ಣನ ಕಾನೂನು ಐತ್ರಿ ಅದು. ಎಲ್ಲಾ ಬುತ್ತಿ ಒಂದು ಕಡೆ ಇಡೂದು, ಯಾರ ಕೈಗೆ ಯಾರದು ಬರ್ತೈತಿ, ಅದನ್ನ ಉಣ್ಣೂದು. ನಿಮಗ ಹೇಳಿರ್ಲಿಲ್ಲೇನ್ರಿ ಆತ?”

ಹೇಳಿರಲಿಲ್ಲ. ಇಷ್ಟು ವರ್ಷ ನಾನು ಕಟ್ಟಿಕೊಟ್ಟ ಬುತ್ತಿಯಲ್ಲಿ ಅವನು ಒಂದು ತುತ್ತೂ ಉಂಡಿರಲಿಲ್ಲ.

“ಹಂಗಾರ ಉಪ್ಪು ಕಡಿಮಿ ಅಂತಿದ್ದವ್ರು ಯಾರು?” ಎಂದು ಕೇಳಿದೆ.

ಮಕ್ಬುಲಸಾಬರು ಟೊಪ್ಪಿಗೆ ಸರಿಮಾಡಿಕೊಂಡರು. “ನಾನೇರಿ. ನನ್ನ ಪಾಲಿಗೆ ನಿಮ್ಮದು ಎರಡು ಮೂರು ಸಲ ಬಂದಿತ್ರಿ.”

“ಖಾರ ಹೆಚ್ಚಾತು ಅಂದಾಕಿ ನಾನು” ಎಂದರು ತಾಜಬೀ.

“ಬೆಳ್ಳುಳ್ಳಿ ನಂದ್ರಿ” ಎಂದಳು ಹುಲಗೆಮ್ಮ ಹಿಂದಿನಿಂದ. “ಅಕ್ಕನ ಬುತ್ತಿ ಯಾರಿಗೆ ಸಿಕ್ಕರೂ ಬಿಡ್ತಿದ್ದಿಲ್ರಿ ಆತ. ‘ಹೆಂಗೈತಿ ಖರೇ ಹೇಳ್ರಿ, ನಾ ಹೋಗಿ ಹೇಳಬೇಕು. ಸುಳ್ಳು ಹೇಳಿದ್ರ ನಮ್ಮಕ್ಕ ಹಿಡೀತಾಳ’ ಅಂತಿದ್ದ. ನಿಮ್ಮನ್ನ ನೋಡಿರ್ಲಿಲ್ಲ ಅಷ್ಟೇ, ನಿಮ್ಮ ಕೈ ನಮಗೆಲ್ಲಾರಿಗೂ ಗೊತ್ತೈತ್ರಿ.”

ನಾನು ಒಂದು ನಾಲಿಗೆಯ ಜೊತೆ ಜಗಳಾಡುತ್ತಿದ್ದೇನೆ ಎಂದುಕೊಂಡಿದ್ದೆ. ಜಗಳಾಡಿದ್ದು ಈ ನಾಲ್ಕು ತಾಲೂಕಿನ ಜೊತೆಗೆ. ಅವನು ಇವರ ಮಾತನ್ನು ನನಗೆ ತಂದು ಕೊಡುತ್ತಿದ್ದ, ನಾನು ಸಿಟ್ಟಿಗೆದ್ದು ಮರುತಿಂಗಳು ಅದನ್ನು ಸರಿಮಾಡಿ ಕಳಿಸುತ್ತಿದ್ದೆ. ನಗು ಬಂತು, ಕಣ್ಣಲ್ಲಿ ಮತ್ತೆ ನೀರೂ ಬಂತು. ಕಳ್ಳ ನನ್ನ ಮಗ, ಒಂದು ದಿನವಾದರೂ ಹೇಳಬಾರದಿತ್ತೇ?

ನಾನು ನನ್ನ ಗಂಟು ಮತ್ತೆ ಕಟ್ಟಿಟ್ಟೆ. ಗಂಟುಗಳನ್ನೆಲ್ಲ ಅದಲುಬದಲು ಮಾಡಿಟ್ಟು ಒಬ್ಬೊಬ್ಬರು ಕಣ್ಣು ಮುಚ್ಚಿ ಎತ್ತಿಕೊಂಡರು. ನನಗೆ ಗಾಳೆಮ್ಮನದು ಬಂತು, ಸಜ್ಜೆ ರೊಟ್ಟಿ ಮತ್ತು ಪುಂಡಿಪಲ್ಯ. ಹುಳಿ ಹದವಾಗಿತ್ತು, ಹಾಗೆಂದು ಅವಳಿಗೆ ಹೇಳಿದೆ, ಅವಳು ಆ ದಿನ ಮೊದಲ ಸಲ ನಕ್ಕಳು. ನನ್ನ ಹಸಿರು ಚೌಕಳಿಯ ಗಂಟು ಮಕ್ಬುಲಸಾಬರ ಕೈ ಸೇರಿತು. ಅವರು ತುತ್ತು ಬಾಯಿಗಿಟ್ಟು ನಿಧಾನ ಅಗಿದರು. ಸುತ್ತಲಿದ್ದವರು ಉಣ್ಣುವುದನ್ನು ಬಿಟ್ಟು ಅವರನ್ನೇ ನೋಡಿದರು.

“ಛಲೋ ಐತ್ರಿ ಅಕ್ಕಾರ” ಎಂದರು. “ಭಾಳ ಛಲೋ ಐತಿ.”

ಆ ಮುಖವನ್ನು ನಾನು ಶಾಲೆಯಲ್ಲಿ ಸಾಕಷ್ಟು ನೋಡಿದ್ದೇನೆ. ಹೋಂವರ್ಕ್ ಮಾಡಿದ್ದೇನೆ ಎನ್ನುವಾಗ ಹುಡುಗರು ಇಟ್ಟುಕೊಳ್ಳುವ ಮುಖ ಅದು. ಎದ್ದು ಹೋಗಿ ಅವರ ಮುಂದಿನ ಬದನೆಕಾಯಿಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಉಪ್ಪೇ ಇರಲಿಲ್ಲ. ಬೆಳಿಗ್ಗೆ ಕೈ ಮಾಡಿದ ಅಡಿಗೆ, ಮನಸ್ಸು ಎಲ್ಲಿತ್ತೋ.

“ಮಕ್ಬುಲಸಾಬ್ರ, ಹನುಮೇಶ ಇದ್ದಿದ್ರ ಏನು ಹೇಳ್ತಿದ್ರಿ?”

ಅವರು ತಲೆ ತಗ್ಗಿಸಿದರು. “ಉಪ್ಪ ಹಾಕಿಲ್ಲಂತ ಹೇಳ್ತಿದ್ದೆ. ಈಗ ಯಾರಿಗಂತ ಹೇಳ್ಲಿರಿ? ಒಯ್ದು ಮುಟ್ಟಿಸಾವ ಇಲ್ಲ.”

“ನನಗ ಹೇಳ್ರಿ” ಎಂದೆ. ದನಿ ಎತ್ತರವಾಯಿತು, ನನ್ನ ದನಿಯೇ ಹಾಗೆ. “ಎದುರಿಗೇ ನಿಂತೀನಲ್ಲ. ಮುಂದಿನ ತಿಂಗಳು ಸರಿಯಾಗಿ ಹಾಕಿ ತರ್ತೀನಿ.”

ಆಡಿದ ಮೇಲೆಯೇ ನಾನು ಏನು ಆಡಿದೆನೆಂದು ನನಗೆ ತಿಳಿದದ್ದು. ಮಾರೆಪ್ಪ ಹೆಂಡತಿಯ ಮುಖ ನೋಡಿದ.

ತಾಜಬೀ ತಮ್ಮ ಪಾಲಿನ ರೊಟ್ಟಿ ಕೆಳಗಿಟ್ಟು ಕೇಳಿದರು. “ಮುಂದಿನ ತಿಂಗಳು ಎಲ್ಲಿಗ್ರಿ ಅಕ್ಕಾರ?”

ನಾನು ಹುಲಗೆಮ್ಮನ ಕಡೆ ತಿರುಗಿದೆ. ಕೊಪ್ಪಳದಲ್ಲೇ ಹುಟ್ಟಿ ಬೆಳೆದವಳು, ಬಾಜೂ ಊರಾದ ಕಿನ್ನಾಳಕ್ಕೆ ಒಮ್ಮೆಯೂ ಹೋದವಳಲ್ಲ ನಾನು. “ನಿಮ್ಮೂರಿಗೆ ಬೆಳಿಗ್ಗೆ ಬಸ್ಸು ಎಷ್ಟಕ್ಕ ಐತೆವ್ವಾ?” ಎಂದು ಕೇಳಿದೆ.

ಅವಳು ಹೇಳಿದಳು. ಮಕ್ಬುಲಸಾಬರು ಆಗ ಇನ್ನೊಂದು ತುತ್ತು ಮುರಿದುಕೊಂಡು, ಸಪ್ಪೆ ಬದನೆಕಾಯಿಯನ್ನು ಪೂರ್ತಿ ಉಂಡು ಮುಗಿಸಿದರು.