ಎರಡು ಪರದೆಯ ಮುತ್ತುಗ

ಬಣ್ಣಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿಗೆ ಕವಡೆಯ ಕಿಮ್ಮತ್ತಿಲ್ಲ; ಮದುವೆಯಾದ ಹೊಸತರಲ್ಲಿ ಹೆಂಡತಿಯ ಕುಂಕುಮಗೆಂಪು ಸೀರೆಯನ್ನು ಕಂದು ಎಂದು ಹೊಗಳಿ ಆ ಅಧಿಕಾರವನ್ನು ಶಾಶ್ವತವಾಗಿ ಕಳೆದುಕೊಂಡವನು ನಾನು. ಅಂಥವನ ಎದುರಿಗೇ ಮೊನ್ನೆ ಎರಡು ಬಣ್ಣದ ಪರದೆಗಳು ತೀರ್ಪು ಬೇಡಿ ಬಂದು ಕುಳಿತವು.

ನನ್ನಾಕೆ ಕಲಾವತಿ ಚಿಂಚೋಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಇಲ್ಲಿಯ ಕಾಡಿನ ಗಿಡಮರಗಳ ಸಚಿತ್ರ ಕೈಪಿಡಿಯೊಂದನ್ನು ಬರೆಯುತ್ತಿದ್ದಾಗ ಅವಳಿಗೆ ಕಣ್ಣಿನ ಬೇನೆ ಹತ್ತಿತು. ಕಂಪ್ಯೂಟರಿನ ಮುಂದೆ ಕೂತ ಅರೆಗಳಿಗೆಗೆ ಕಣ್ಣಲ್ಲಿ ನೀರು, ತಲೆಯಲ್ಲಿ ಸಿಡಿತ. ಆ ಬೆಳಕಿನಿಂದ ದೂರವಿರಿ ಎಂದರು ಡಾಕ್ಟರು. ಕೈಪಿಡಿ ಅರ್ಧಕ್ಕೇ ನಿಂತಿತು. ಅದರೊಂದಿಗೆ ಅವಳ ಮಾತೂ.

ವಾಡಿಯಲ್ಲಿ ರೈಲ್ವೆ ನೌಕರಿಯಲ್ಲಿರುವ ಅವಳ ತಮ್ಮ ಮಲ್ಲಿನಾಥ ಇದನ್ನು ನೋಡಲಾರದೆ, ಗೆಳೆಯರಿಂದ ಎರಡು ಇ-ಪೇಪರ್ ಟ್ಯಾಬ್‌ಗಳನ್ನು ಕೇಳಿ ತಂದ. ಅವು ಕಣ್ಣಿಗೆ ಬೆಳಕು ಚೆಲ್ಲುವಂಥವಲ್ಲ; ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುವಂಥವು. ಎರಡರಲ್ಲೂ ಅಕ್ಕ ತೆಗೆದಿದ್ದ ಮುತ್ತುಗದ ಹೂವಿನ ಚಿತ್ರ ತೆರೆದು ಕಿಟಕಿಯ ಬಳಿ ಇಟ್ಟ.

ಒಂದರಲ್ಲಿ ಹೂವು ಥಟ್ಟನೆ ಮೂಡಿತು, ಆದರೆ ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯಂತೆ ಮಂಕು. ಇನ್ನೊಂದು ಹಲವು ಸಲ ಮಿಟುಕಿ, ನಮ್ಮ ತಾಳ್ಮೆಯನ್ನು ಪರೀಕ್ಷಿಸಿ, ಕಡೆಗೆ ಈಗಷ್ಟೇ ಕಾಡಿನಿಂದ ಕಿತ್ತು ತಂದಂಥ ಕೆಂಡಗೇಸರಿಯನ್ನು ಅರಳಿಸಿತು.

"ಹೂವು ಒಂದೇ, ಬಣ್ಣ ಹಿಂಗ್ಯಾಕ?" ಎಂದೆ.

"ಮಂಕ ಇರೋದರಾಗ ಬರೇ ಕಪ್ಪು-ಬಿಳಿ ಶಾಯಿ ಅದ ಮಾಮಾ. ಮ್ಯಾಲ ಕೆಂಪು, ಹಸಿರು, ನೀಲಿ ಜಾಲರಿ ಹೊದಸ್ಯಾರ. ಜಾಲರಿ ಬೆಳಕು ತಿಂತದ," ಎಂದ ಮಲ್ಲಿನಾಥ. "ಇನ್ನೊಂದರಾಗ ಬಣ್ಣದ ಕಣಾನೇ ಅವ. ಒಂದೊಂದೂ ಸರದು ತನ್ನ ಜಾಗಕ್ಕ ಬರಬೇಕು. ಅದಕ್ಕ ತಡ."

"ಹಂಗಾದ್ರ ಇದೇ ಇರಲಿ. ಹೂವಿಗಿ ಬಣ್ಣ ಮುಖ್ಯ ಅಲ್ಲೇನು?" ಎಂದು ನಾನು ಕೆಂಡಗೇಸರಿಯ ಕಡೆ ಕೈತೋರಿದೆ.

ಕಲಾವತಿ ಟ್ಯಾಬಿನ ಪೆನ್ನು ಹಿಡಿದು ಅದರ ಮೇಲೆ 'ಮುತ್ತುಗ' ಎಂದು ಬರೆದಳು. ಅಕ್ಷರ ಅವಳ ಕೈಯ ಹಿಂದೆ ಕುಂಟುತ್ತ ಬಂತು. ಮಂಕು ಪರದೆಯ ಮೇಲೆ ಬರೆದಳು. ಅಲ್ಲಿ ಜೊತೆಜೊತೆಗೇ ಓಡಿತು.

"ಬಣ್ಣ ನನ್ನ ತಲ್ಯಾಗ ಅದ ರೀ. ಛಾಪಿಸುವಾಗ ಮೂಲ ಚಿತ್ರದ ಬಣ್ಣಾನೇ ಬರ್ತದ. ಬರೆಯೋ ಕೈ ಕಾಯಬಾರದು," ಎಂದಳು.

ಎಷ್ಟೋ ದಿನಗಳ ಮೇಲೆ ಅವಳು ಇಷ್ಟುದ್ದ ಮಾತಾಡಿದ್ದಳು. ಮಂಕಾದರೂ ಜೊತೆಗೆ ಸಾಗುವುದನ್ನೇ ಆರಿಸಿಕೊಳ್ಳುವುದು ಅವಳಿಗೆ ಹೊಸತಲ್ಲ, ಮದುವೆಯಲ್ಲೂ ಹಾಗೇ ಮಾಡಿದ್ದಾಳೆ ಎಂದು ನಾನು ನನ್ನ ಸೋಲಿಗೆ ಸಮಾಧಾನ ಹೇಳಿಕೊಂಡೆ.

ಆ ಮಂಕು ಪರದೆಯಂಥದೇ ಒಂದು ಟ್ಯಾಬ್ ಕೊಂಡು ಭಾನುವಾರ ಕಾಡಿಗೆ ಹೋದೆವು. ಬಿಸಿಲೇರಿದಷ್ಟೂ ಆ ಪರದೆ ನಿಚ್ಚಳವಾಗುತ್ತ ಹೋಯಿತು. ಕಲಾವತಿ ಮರದಿಂದ ಮರಕ್ಕೆ ನಡೆದು, ನಿಂತು, ಬರೆದಳು. ಒಮ್ಮೆಯೂ ಕಣ್ಣೊರೆಸಿಕೊಳ್ಳಲಿಲ್ಲ. ಮಧ್ಯಾಹ್ನ ದಾಟಿದಾಗ ಬುತ್ತಿ ಬಿಚ್ಚಲೇ ಎಂದು ಕೇಳಿದೆ.

"ತಡೀರಿ," ಎಂದಳು ತಲೆಯೆತ್ತದೆ, "ಇನ್ನೊಂದು ಗಿಡ ಅದ."