ಆರ್ಮುಗನ ಜೊತೆ ಮಾಗಡಿಯ ಕೋರ್ಟಿಗೆ

ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿ ಮೈಸೂರು ಗಾಡಿ ಹತ್ತಿದೆವು. ಮೂರನೆಯ ತರಗತಿ, ಚನ್ನಪಟ್ಟಣದವರೆಗೆ ತಲೆಗೆ ಏಳಾಣೆ. ನಮ್ಮ ಸಾಮಾನೆಂದರೆ ಎರಡು ಜಮಖಾನ, ಅವಲಕ್ಕಿ ಚಟ್ನಿಪುಡಿಯ ಒಂದು ಗಂಟು, ನಾಲ್ಕು ಟೆನ್ನಿಸ್ ಬ್ಯಾಟು, ಚೆಂಡುಗಳ ಒಂದು ಚೀಲ. ಅವೆಲ್ಲಕ್ಕಿಂತ ಜೋಪಾನವಾಗಿ ನಾನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದು ಇಬ್ಬರ ಪ್ಲೇಗ್ ಪಾಸ್‌ಪೋರ್ಟು. ಆ ವರ್ಷ ಸಂಸ್ಥಾನದಲ್ಲಿ ಈ ಕಾಗದವಿಲ್ಲದೆ ಊರಿಂದ ಊರಿಗೆ ಕಾಲಿಡುವ ಹಾಗಿರಲಿಲ್ಲ. ರೋಗದವರನ್ನು ಮುಟ್ಟಿದ್ದಾನೆಂದು ಅದರಲ್ಲಿ ಒಂದು ಸಾಲು ಬರೆದರೆ ಸಾಕು, ಹತ್ತು ದಿನ ಊರಾಚೆಯ ಷೆಡ್ಡಿನಲ್ಲಿ ಕೂರಿಸುತ್ತಿದ್ದರು.

ನಾನು ಬೆಂಗಳೂರಿನ ಒಂದು ಟೆನ್ನಿಸ್ ಕ್ಲಬ್ಬಿನ ಗುಮಾಸ್ತ. ಜೊತೆಗಿದ್ದ ಆರ್ಮುಗ ಅಲ್ಲಿಯ ಮಾರ್ಕರ್, ಅಂದರೆ ಸಂಬಳಕ್ಕೆ ಆಡುವವನು. ಅವನ ಅಪ್ಪ ಪೆರುಮಾಳ ಸೇಲಂ ಕಡೆಯಿಂದ ಕ್ಷಾಮದಲ್ಲಿ ನಡೆದು ಬಂದು ಮಾಗಡಿಯ ಅಧಿಕಾರಿಗಳ ಕ್ಲಬ್ಬಿನಲ್ಲಿ ಮಾಲಿಯಾಗಿ ನಿಂತ. ಕೋರ್ಟಿಗೆ ಸಗಣಿ ಸಾರಿಸುವುದು, ಸುಣ್ಣದ ಗೆರೆ ಎಳೆಯುವುದು, ಸಂಜೆ ನೆಟ್ಟು ಬಿಚ್ಚಿ ಮಡಿಸುವುದು ಅವನ ಕೆಲಸ. ಒಂದು ಸಂಜೆ ಆಟಕ್ಕೆ ನಾಲ್ಕನೆಯವರು ಬರದೆ ಅಮಲ್ದಾರರು ಬೇಸರದಿಂದ ಮಾಲಿಯ ಮಗನ ಕೈಗೆ ಬ್ಯಾಟು ಕೊಟ್ಟರಂತೆ. ಅಲ್ಲಿಂದ ಕ್ಲೋಸ್‌ಪೇಟೆಯ ಕ್ಲಬ್ಬು, ಅಲ್ಲಿಂದ ಬೆಂಗಳೂರು. ದಂಡಿನ ಕ್ಯಾಪ್ಟನ್ನರೇ ಅವನ ಹತ್ತಿರ ಕಲಿಯಲು ಸರದಿ ಕಾಯುತ್ತಿದ್ದರು. ಹಾಗೆಂದು ಕ್ಲಬ್ಬಿನ ಕುರ್ಚಿಯ ಮೇಲೆ ಅವನು ಕೂರುವಂತಿರಲಿಲ್ಲ.

ಈಗ ಉತ್ತರದೇಶದ ಒಬ್ಬ ರಾಜರು ಅವನ ಆಟ ನೋಡಿ ಮೆಚ್ಚಿ, ತಮ್ಮ ಜೊತೆ ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಕರೆದುಕೊಂಡು ಹೋಗುವುದಾಗಿ ಹೇಳಿದ್ದರು. ಶನಿವಾರ ಸಂಜೆ ಬೆಂಗಳೂರಿನಿಂದ ಬೊಂಬಾಯಿಯ ರೈಲು. ತಪ್ಪಿದರೆ ಹಡಗು ಕಾಯುವುದಿಲ್ಲ, ರಾಜರಂತೂ ಮೊದಲೇ ಕಾಯುವುದಿಲ್ಲ. ಅದಕ್ಕೆ ಮುಂಚೆ ನಾಲ್ಕು ತಾಲ್ಲೂಕು ಕ್ಲಬ್ಬುಗಳಲ್ಲಿ ಆಡಿಸುವುದಾಗಿ ನಮ್ಮ ಸೆಕ್ರೆಟರಿಯವರು ಮಾತು ಕೊಟ್ಟಿದ್ದರು. ಕೊನೆಯದು ಮಾಗಡಿ. ಅಪ್ಪನನ್ನು ನೋಡಿಕೊಂಡು ಹೋಗಬಹುದೆಂದು ಆರ್ಮುಗನೇ ಹಾಗೆ ಗೊತ್ತುಮಾಡಿಸಿದ್ದ. ನಾಲ್ಕೂ ಊರಿಗೆ ಕಾಗದ ಬರೆದವನು ನಾನು. ಕಾಗದ ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬ. ವಿಷಯ ಒಂದು ಸಾಲಿನದಾದರೂ ಮೊಹರು ಒತ್ತದಿದ್ದರೆ ನನಗೆ ಸಮಾಧಾನವಿಲ್ಲ.

ಚನ್ನಪಟ್ಟಣದಲ್ಲಿ ಆಟ ಚೆನ್ನಾಗಿ ನಡೆಯಿತು. ಮಾರ್ಕರನಾದವನು ಅಧಿಕಾರಿಗಳ ಎದುರು ಕೊನೆಯ ಆಟ ಸೋಲಬೇಕು, ಇದು ಎಲ್ಲೂ ಬರೆದಿಲ್ಲದ ಕಾನೂನು. ಆರ್ಮುಗ ಎಷ್ಟು ಚೆಂದ ಸೋತನೆಂದರೆ ಅಲ್ಲಿಯ ಮುನ್ಸೀಫರು ತಮ್ಮ ಗೆಲುವಿನಿಂದ ತಾವೇ ನಾಚಿಕೊಂಡರು. ಬಿಸಿಲಿಳಿದ ಮೇಲೆ ಬೊಂಬೆ ಮಾಡುವವರ ಬೀದಿಗೆ ಹೋದೆವು. ಒಂದು ಅಂಗಳದಲ್ಲಿ ಅರಗಿನ ಬಣ್ಣ ಹಚ್ಚಿದ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ನೂರಕ್ಕೆ ಕಡಿಮೆಯಿಲ್ಲ. ಕೆಂಪು ಮೈ, ಹಳದಿ ಮುಖ, ಒಂದಕ್ಕೂ ಕಣ್ಣಿಲ್ಲ.

"ಕಣ್ಣು ಬರ್ಯೋನು ಮಾಗಡಿ ಕಡೆಯೋನು ಸ್ವಾಮಿ," ಎಂದ ಬೊಂಬೆ ಮಾಡುವ ಮುದುಕ. "ಒಂದ್ ವಾರದ್ ಮ್ಯಾಲಾಯ್ತು. ಬಂದಿಲ್ಲ, ಸುದ್ದೀನೂ ಇಲ್ಲ."

ನಾನು ಮಗಳಿಗೆಂದು ಒಂದು ಬೊಂಬೆ ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟೆ. ಬೀದಿ ದಾಟುವವರೆಗೂ ಆ ಮುಖಗಳು ಬೆನ್ನ ಹಿಂದೆ ಇರುವ ಹಾಗೆ ಅನ್ನಿಸುತ್ತಿತ್ತು.

ಮಂಗಳವಾರ ಬೆಳಗಿನ ಜಾವ ಸಾತನೂರಿನ ಮೇಲೆ ಕಾನಕಾನಹಳ್ಳಿಗೆ ಎತ್ತಿನ ಗಾಡಿ ಕಟ್ಟಿಸಿದೆವು. ಬಾಡಿಗೆ ಒಂದೂವರೆ ರೂಪಾಯಿ, ದಾರಿಯುದ್ದಕ್ಕೂ ಧೂಳು. ಅಲ್ಲಿ ಆಟ ನೋಡಲು ಬಂದವರು ಒಬ್ಬರಿಗೊಬ್ಬರು ಮಾರು ದೂರದಲ್ಲಿ ನಿಂತರು, ಚಪ್ಪಾಳೆಯನ್ನೂ ತಟ್ಟಲಿಲ್ಲ. ಛತ್ರದ ಅಡುಗೆಯವನು ಎಲೆಯನ್ನು ದೂರದಿಂದಲೇ ನಮ್ಮತ್ತ ನೂಕಿ, "ಮುಂದೆ ಯಾವ ಕಡೆಗೆ ಸವಾರಿ?" ಎಂದು ಕೇಳಿದ. ಮಾಗಡಿ ಎಂದೆ. ಅವನು ಸೌಟನ್ನು ಸಾರಿನೊಳಗೇ ಬಿಟ್ಟು ಒಳಗೆ ಹೋದವನು ಮತ್ತೆ ಬಡಿಸಲು ಬರಲಿಲ್ಲ.

ವಿಷಯ ತಿಳಿದದ್ದು ಬುಧವಾರ, ಕ್ಲೋಸ್‌ಪೇಟೆಯಲ್ಲಿ. ರಾಮಗಿರಿಯ ಬಂಡೆಗಳ ಮೇಲೆ ಯಾವಾಗಲೂ ಕೂತಿರುವ ರಣಹದ್ದುಗಳನ್ನು ತೋರಿಸುತ್ತೇನೆಂದು ಆರ್ಮುಗ ದಾರಿಯಲ್ಲೆಲ್ಲ ಹೇಳಿದ್ದ. ಹೋಗಿ ನೋಡಿದರೆ ಬಂಡೆ ಬರಿದಾಗಿತ್ತು. ಕ್ಲಬ್ಬು ನೋಡಿಕೊಳ್ಳುತ್ತಿದ್ದ ವಕೀಲರು ನಮ್ಮನ್ನು ಕಂಡು ಬೆರಗಾದರು.

"ಮಾಗಡಿಗೆ ಹೋಗ್ತೀರಾ? ಅಲ್ಲಿ ಊರೇ ಇಲ್ಲವಲ್ಲ ರಾಯರೇ! ಇಲಿ ಸತ್ತು ಬಿದ್ದವು ಅಂತ ಹತ್ತು ದಿನದ ಹಿಂದೆ ಊರಿಗೆ ಊರೇ ಬಿಡಿಸಿದಾರೆ. ಎಲ್ಲಾ ಹೊಲದಲ್ಲಿ ಷೆಡ್ಡು ಹಾಕ್ಕೊಂಡಿದಾರೆ. ನಾಳೆ ರೈಲಿಗೆ ಬೆಂಗಳೂರಿಗೆ ಹೊರಟುಬಿಡಿ."

ಆರ್ಮುಗ ಬ್ಯಾಟು ಕೆಳಗಿಟ್ಟ. "ನಮ್ಮಪ್ಪ?" ಎಂದ.

"ಎಲ್ಲರ ಜೊತೆ ಷೆಡ್ಡಿನಲ್ಲಿರ್ತಾನೆ, ಇನ್ನೆಲ್ಲಿ ಹೋಗ್ತಾನೆ?"

ದೂರದಿಂದಲೇ ನೋಡಿ ಬರುವುದೆಂದು ನಿಶ್ಚಯಿಸಿದೆವು. ನಾನು ಬೇಡವೆನ್ನಬಹುದಾಗಿತ್ತು. ಆದರೆ ಸಮುದ್ರ ದಾಟಿ ಹೋಗುವವನು ಹೆತ್ತವನ ಮುಖ ನೋಡಬೇಕೆಂದರೆ ಯಾವ ಬಾಯಲ್ಲಿ ಬೇಡವೆನ್ನುವುದು? ಇಪ್ಪತ್ತು ಮೈಲಿಗೆ ಮೇಲಿನ ದಾರಿ, ಎಷ್ಟು ಕೊಟ್ಟರೂ ಗಾಡಿ ಸಿಗದು. ಕೊನೆಗೆ ತಿಪ್ಪಸಂದ್ರದ ಒಬ್ಬ ಗಾಡಿಯವನು ಮೂರು ರೂಪಾಯಿಗೆ ಒಪ್ಪಿದ. ಷೆಡ್ಡಿನಿಂದ ಆಚೆಗೆ ಎತ್ತನ್ನು ಬಿಡುವುದಿಲ್ಲ ಎಂದು ಗುರುವಾರ ಬೆಳಗ್ಗೆ ಹೊರಡುವಾಗಲೂ ಎರಡು ಸಲ ಹೇಳಿದ.

ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿದೆವು. ಊರಿಗೆ ಒಂದು ಮೈಲಿ ಈಚೆ, ಕೊಯ್ಲಾದ ರಾಗಿ ಹೊಲಗಳಲ್ಲಿ ತೆಂಗಿನ ಗರಿಯ ಷೆಡ್ಡುಗಳು. ಇಡೀ ಪೇಟೆ ಅಲ್ಲಿ ನೆಲಕ್ಕೆ ಕೂತಿತ್ತು. ಸೆಟ್ಟರ ತಕ್ಕಡಿ ಒಂದು ಹುಣಸೆಮರದಲ್ಲಿ ತೂಗಾಡುತ್ತಿತ್ತು. ಅಷ್ಟು ಜನವಿದ್ದರೂ ಗದ್ದಲವಿಲ್ಲ. ದಾರಿಗೆ ಅಡ್ಡ ಕಟ್ಟಿದ ಚೌಕಿಯಲ್ಲಿ ಮರುಳಪ್ಪನೆಂಬ ಜವಾನ ಕೂತಿದ್ದ. ಆರ್ಮುಗನನ್ನು ನೋಡಿದವನೇ ಎದ್ದು ನಿಂತ.

"ಲೇ, ಆರ್ಮುಗ ಅಲ್ವೇನ್ಲಾ? ಎಷ್ಟ್ ದೊಡ್ಡೋನಾಗ್ಬುಟ್ಟೆ!" ಎಂದವನ ಮುಖ ಅಷ್ಟರಲ್ಲೇ ಇಳಿದುಹೋಯಿತು.

"ನಮ್ಮಪ್ಪ ಯಾವ ಷೆಡ್ನಾಗವ್ನೆ ಮರುಳಣ್ಣ?"

"ಷೆಡ್ನಾಗಿಲ್ಲ ಕಣ್ಲಾ. ಊರೊಳ್ಗೇ ಅವ್ನೆ, ಒಬ್ನೇ. ಮೂರ್ ಕಿತ ಡಂಗುರ ಹೊಡ್ಸುದ್ರು. ನಾನೇ ಹೋಗಿ ಕರ್ದೆ. ಒಂದ್ ಕಾಗ್ದ ತೋರ್ಸ್ದ. ಬೆಂಗ್ಳೂರ್ ಕ್ಲಬ್ಬಿಂದು, ಮೊಹರು ಬೇರೆ ಬಿದ್ದೈತೆ. ಗುರುವಾರ ನಾಕ್ ಗಂಟೆಗೆ ಕೋರ್ಟು ಸಿದ್ಧ ಇಲ್ದಿದ್ರೆ ಜವಾಬ್ದಾರಿ ನಿಂದೇ ಅಂತ ಬರ್ದವ್ರಂತೆ. 'ಡಂಗುರಕ್ಕೆ ಮೊಹರಿಲ್ಲ, ಇದಕ್ಕೈತೆ. ನಾ ಬುಟ್ಟು ಬಂದ್ರೆ ಮಗನ್ ಕೆಲ್ಸ ಹೋಯ್ತದೆ' ಅಂದ್ಬುಟ್ಟ."

ಆ ಸಾಲು ನನ್ನದು. ಜವಾಬ್ದಾರಿಯ ಮಾತನ್ನು ಸೆಕ್ರೆಟರಿಯವರು ಹೇಳಿರಲಿಲ್ಲ, ಕಾಗದಕ್ಕೆ ತೂಕ ಬರಲೆಂದು ನಾನೇ ಸೇರಿಸಿದ್ದೆ.

ಮರುಳಪ್ಪ ಇನ್ನೂ ಹೇಳಿದ. ಎಲ್ಲೆಯ ಕಲ್ಲಿನ ಮೇಲೆ ದಿನಾ ಒಂದು ಮುದ್ದೆ ಇಟ್ಟು ಬರುತ್ತಿದ್ದನಂತೆ. ಅವನು ಈಚೆ ಬಂದ ಮೇಲೆ ಪೆರುಮಾಳ ಬಂದು ತೆಗೆದುಕೊಳ್ಳುತ್ತಿದ್ದ. "ಎಲ್ಡ್ ದಿನದಿಂದ ಮುದ್ದೆ ಹಂಗೇ ಐತೆ ಸ್ವಾಮಿ," ಎಂದು ಸ್ವರ ತಗ್ಗಿಸಿದ.

ಆರ್ಮುಗ ಬ್ಯಾಟು, ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟ. ಮರುಳಪ್ಪ ತಡೆಯಲಿಲ್ಲ. "ನೋಡ್ಕೊಂಡ್ ಬಂದ್ಬುಡಿ. ಯಾವ್ ಮನೆಗೂ ಹೋಗ್ಬ್ಯಾಡಿ, ಯಾರ್ನೂ ಮುಟ್ಬ್ಯಾಡಿ. ಮುಟ್ಟುದ್ರೆ ಹತ್ತ್ ದಿನ, ನಂಗೂ ದಾರಿ ಇಲ್ಲ," ಎಂದು ಹಿಂದಿನಿಂದ ಕೂಗಿದ. ನಾನು ಹಿಂದೆಯೇ ಓಡಿದೆ. ನನ್ನ ಸಾಲು ಏನು ಮಾಡಿದೆಯೆಂದು ನೋಡದೆ ಹಿಂದಿರುಗುವ ಧೈರ್ಯ ನನಗಿರಲಿಲ್ಲ.

ಕಲ್ಲಿನ ಮೇಲೆ ಎರಡು ಮುದ್ದೆಗಳು ಒಣಗಿ ಬಿರುಕು ಬಿಟ್ಟಿದ್ದವು. ಇರುವೆಯೂ ಮುತ್ತಿರಲಿಲ್ಲ. ಅಲ್ಲಿಂದಾಚೆ ಊರು. ಬಿಸಿಲು ಒಳಗೆ ಬೀಳಲೆಂದು ಎಲ್ಲ ಮನೆಗಳ ಹೆಂಚನ್ನೂ ಇಳಿಸಿ ಗೋಡೆಗೆ ಒಟ್ಟಿದ್ದರು. ಸೂರಿಲ್ಲದ ಮನೆಗಳ ಬಾಗಿಲಿಗೆ ಮಾತ್ರ ಭದ್ರವಾಗಿ ಬೀಗ! ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಒಂದು ಮಣ್ಣಿನ ಗೋಡೆ ಕುಸಿದಿದ್ದ ಕಡೆ ಒಳಗೆಲ್ಲ ಕಂಡಿತು. ಅಡುಗೆಮನೆಯ ಒಲೆಯ ಮೇಲೆ, ಬೀಸುವ ಕಲ್ಲಿನ ಮೇಲೆ, ದೇವರ ಗೂಡಿನೊಳಗೆ, ಎಲ್ಲಿ ಎಂದೂ ಬಿಸಿಲು ಬಿದ್ದಿಲ್ಲವೋ ಅಲ್ಲೆಲ್ಲ ಬಿಸಿಲು. ತೊಲೆಯಿಂದ ಇಳಿಬಿಟ್ಟ ತೊಟ್ಟಿಲೊಂದು ಗಾಳಿಗೆ ಮೆಲ್ಲಗೆ ತೂಗುತ್ತಿತ್ತು, ತೂಗುವ ಕೈಯೊಂದು ಅಲ್ಲೇ ಇದೆಯೇನೋ ಎನ್ನುವ ಹಾಗೆ. ಒಂದು ನಾಯಿಯೂ ಬೊಗಳಲಿಲ್ಲ. ಯಾರೋ ಬಿಟ್ಟುಹೋದ ಕಣ್ಣು ಕಾಣದ ಮುದಿ ಎತ್ತೊಂದು ಪೇಟೆಬೀದಿಯ ನಡುವೆ ನಿಂತು, ನಮ್ಮ ಹೆಜ್ಜೆ ಕೇಳಿದ ಕಡೆಗೆ ತಲೆ ತಿರುಗಿಸಿತು.

ತಾಲ್ಲೂಕು ಕಚೇರಿಯ ಹಿಂದೆ ತಿರುಗಿದೆವು. ಅಲ್ಲಿ ಕೋರ್ಟು.

ಸಾರಿಸಿದ ಸಗಣಿಯ ಹಸಿ ಇನ್ನೂ ಆರಿರಲಿಲ್ಲ. ಸುಣ್ಣದ ಗೆರೆಗಳು ಕಣ್ಣು ಕೋರೈಸುವಷ್ಟು ಬೆಳ್ಳಗಿದ್ದವು. ನೆಟ್ಟು ಬಿಗಿಯಾಗಿತ್ತು. ಅಧಿಕಾರಿಗಳಿಗೆಂದು ಎರಡು ಕುರ್ಚಿ ಒರೆಸಿಟ್ಟು, ಪಕ್ಕದಲ್ಲಿ ಒಂದು ಹೂಜಿ ಇಟ್ಟಿತ್ತು. ಮನುಷ್ಯರಿಲ್ಲ. ಸತ್ತ ಊರಿನ ನಡುವೆ ಅಷ್ಟು ಚೊಕ್ಕಟವಾದದ್ದನ್ನು ಕಂಡು ನನಗೆ ಮೈಯೆಲ್ಲ ಮುಳ್ಳೆದ್ದಿತು.

"ಅಪ್ಪಾ!" ಎಂದು ಆರ್ಮುಗ ಕೂಗಿದ. ಕೂಗು ಆ ಸೂರಿಲ್ಲದ ಮನೆಗಳನ್ನೆಲ್ಲ ಹೊಕ್ಕು, ಬೇರೆ ಬೇರೆ ಬೀದಿಗಳಿಂದ ಒಂದೊಂದಾಗಿ ತಿರುಗಿ ಬಂತು.

ಆಚೆ ಬದಿಯ ಬೇಲಿಯ ನೆರಳಿನಿಂದ ಒಬ್ಬ ಮುದುಕ ಎದ್ದ. ಮೊಣಕೈವರೆಗೆ ಸುಣ್ಣ. "ಅಲ್ಲೇ ನಿಂತ್ಕೊ! ನೆಟ್ಟು ದಾಟ್ಬ್ಯಾಡ!" ಎಂದು ಕೈ ಅಡ್ಡ ಹಿಡಿದ. ಮನೆಯಲ್ಲಿ ತಮಿಳು, ಕೋರ್ಟಿನ ಮೇಲೆ ಕನ್ನಡ, ಇದು ಪೆರುಮಾಳನ ಕಟ್ಟಳೆಯೆಂದು ಆರ್ಮುಗ ಹೇಳುತ್ತಿದ್ದ. ಈಗಲೂ ಅವನು ಅದನ್ನು ಮೀರಲಿಲ್ಲ. ನನ್ನ ಕಡೆ ತಿರುಗಿ ಕೈಮುಗಿದ. "ಕೋರ್ಟು ಸರ್ಯಾಗೈತಾ ಸ್ವಾಮಿ? ಕಾಗ್ದದಾಗೆ ಬರ್ದಂಗೇ ಮಾಡಿವ್ನಿ."

"ಸರಿಯಾಗಿದೆ ಪೆರುಮಾಳಪ್ಪ," ಎಂದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

"ಮುದ್ದೆ ಯಾಕ್ ತಗೊಂಡಿಲ್ಲ ನೀನು?" ಎಂದು ಆರ್ಮುಗ ಕೇಳಿದ.

"ಮೊನ್ನೆ ನನ್ ಗುಡಿಸ್ಲಾಗೆ ಮೂರ್ ಇಲಿ ಬಿದ್ವು ಕಣಪ್ಪ. ಆ ಕಲ್ಲ ಮರುಳಪ್ಪ ಮುಟ್ತಾನೆ. ಅವನ್ಗೂ ಮಕ್ಳವ್ರೆ. ಕಡ್ಲೆಕಾಯಿ ಐತೆ, ತಿಂತಿವ್ನಿ. ಮೈ ಬೆಚ್ಚಗಾಗಿಲ್ಲ, ಎದರ್ಕೋಬ್ಯಾಡ. ಶನಿವಾರ ರೈಲೈತಂತಲ್ಲ, ಒಂದ್ ಸಲ ಹೊಡ್ದು ತೋರ್ಸ್ಬುಟ್ಟು ಹೊರಡು. ನೀ ದೊಡ್ ಆಟ ಆಡೋದ ನಾ ಎಲ್ಲಿ ನೋಡಿವ್ನಿ?"

ಆರ್ಮುಗ ಗೆರೆಯ ಹಿಂದೆ ಹೋಗಿ ನಿಂತು ಚೆಂಡು ಮೇಲೆಸೆದು ಹೊಡೆದ. ಅದು ಆಚೆ ಅಂಕಣದ ಮೂಲೆಗೆ ಬಡಿದು ಬೇಲಿಗೆ ಸಿಕ್ಕಿತು. ಮುದುಕ ಹೋಗಿ ಎತ್ತಿಕೊಂಡ, ಅಭ್ಯಾಸಬಲದಿಂದ ಪಂಚೆಗೆ ಒರೆಸಿದ, ತಿರುಗಿ ಉರುಳಿಸಲು ಬಗ್ಗಿದವನು ತಟ್ಟನೆ ನಿಂತ. "ನಾ ಮುಟ್ದೆ," ಎಂದ. "ಇದು ನಿಂಗೆ ಬ್ಯಾಡ." ಚೆಂಡನ್ನು ಬೇಲಿಯ ಬುಡದಲ್ಲಿ ಇಟ್ಟ.

ಆರ್ಮುಗ ಇನ್ನೊಂದು ಹೊಡೆದ. ಅದೂ ಬೇಲಿಯ ಬುಡಕ್ಕೆ ಹೋಯಿತು. ಮತ್ತೊಂದು. ನಾನು ಕ್ಲಬ್ಬಿನಲ್ಲಿ ಎಷ್ಟೋ ವರ್ಷ ಆಟ ನೋಡಿದ್ದೇನೆ, ಅಂಥ ಹೊಡೆತಗಳನ್ನು ಕಂಡಿಲ್ಲ. ಸೋಲುವ ಕಟ್ಟುಪಾಡಿಲ್ಲದೆ ಅವನು ಆಡಿದ್ದನ್ನು ನಾನು ನೋಡಿದ್ದೇ ಅಂದು. ಪ್ರತಿ ಚೆಂಡಿಗೂ ಮುದುಕ "ಆಹಾ" ಎನ್ನುತ್ತಿದ್ದ, ಎತ್ತಿ ಒರೆಸುತ್ತಿದ್ದ, ಸಾಲಿಗೆ ಇಡುತ್ತಿದ್ದ. ಹೋದ ಚೆಂಡು ಒಂದೂ ಹಿಂದಕ್ಕೆ ಬರಲಿಲ್ಲ. ಆ ಒಮ್ಮುಖದ ಆಟವನ್ನು ಸಾಕು ಮಾಡೆಂದು ಹೇಳಬೇಕೆನ್ನಿಸಿತು.

ಹನ್ನೆರಡನೆಯ ಚೆಂಡೂ ಹೋಯಿತು. ಆರ್ಮುಗ ಚೀಲದೊಳಗೆ ಕೈ ಹಾಕಿ ತಡಕಿದ. ಚೀಲ ಬರಿದಾಗಿತ್ತು. ಆಮೇಲೆ ಎರಡು ಬ್ಯಾಟು ತೆಗೆದುಕೊಂಡು ನೆಟ್ಟಿನ ಕಡೆಗೆ ನಡೆದ.

"ಆರ್ಮುಗ, ಶನಿವಾರ!" ಎಂದೆ ನಾನು.

"ನೀವ್ ಹೊರಡಿ ರಾಯರೇ," ಎಂದ, ನನ್ನ ಕಡೆ ನೋಡದೆ. "ರಾಜರ್ಗೆ ಬೇರೆ ಮಾರ್ಕರ್ ಸಿಕ್ತಾನೆ."

ಅವನು ನೆಟ್ಟಿನ ಮೇಲೆ ಕಾಲು ಹಾಕಿದ. ಮುದುಕ "ವೇಂಡಾಂ, ವೇಂಡಾಂ" ಎಂದು, ಬೇಡವೆಂದು ಕೈಯಾಡಿಸಿ, ಹಿಂದೆ ಸರಿಯುತ್ತ ಬೇಲಿಗೆ ಒತ್ತಿಕೊಂಡ. ಕೋರ್ಟಿನ ಮೇಲೆ ಅವನ ಬಾಯಿಂದ ತಮಿಳು ಬಂದದ್ದು ಆಗಲೇ. ಆರ್ಮುಗ ಹೋಗಿ ಸುಣ್ಣದ ಆ ಎರಡೂ ಕೈಗಳನ್ನು ಹಿಡಿದುಕೊಂಡ.

ನಾನು ಗೆರೆಯ ಹೊರಗೆ ನಿಂತಿದ್ದೆ. ಕಾಗದ ಬರೆದವನು ನಾನು, ಉಳಿಯಬೇಕಾದವನು ನಾನು. ಉಳಿಯಲಿಲ್ಲ. ಬಂದ ಬೀದಿಯಲ್ಲೇ ಬೇಗ ಬೇಗ ಹಿಂದಿರುಗಿದೆ. ಹೆದರಿದ್ದೆ ಎಂದು ಬರೆಯುವುದೇ ಮರ್ಯಾದೆ. ಚೌಕಿಯಲ್ಲಿ ಮರುಳಪ್ಪ ಏನೂ ಕೇಳದೆ ಒಂದು ಪಾಸ್‌ಪೋರ್ಟಿಗೆ ರುಜು ಹಾಕಿ ಕೊಟ್ಟ, ಇನ್ನೊಂದನ್ನು ಮಡಿಸಿ ರುಮಾಲಿನಲ್ಲಿ ಸಿಕ್ಕಿಸಿಕೊಂಡ.

ಗಾಡಿ ಹತ್ತುತ್ತಿದ್ದೆ. ಆ ಖಾಲಿ ಊರಿನೊಳಗಿಂದ ಟಪ್ ಎಂದು ಒಂದು ಏಟು ಕೇಳಿಸಿತು. ರಾಗಿ ಕುಟ್ಟುತ್ತಿದ್ದ ಹೆಂಗಸರು ಒನಕೆ ನಿಲ್ಲಿಸಿದರು. ಬಹಳ ಹೊತ್ತು ಏನೂ ಇಲ್ಲ. ಮತ್ತೆ ಒಂದು ಏಟು, ಮತ್ತೆ ಅಷ್ಟೇ ಹೊತ್ತು ಮೌನ. ಷೆಡ್ಡುಗಳಿಂದ ಜನ ಒಬ್ಬೊಬ್ಬರಾಗಿ ಹೊರಬಂದು ಊರಿನ ಕಡೆ ಮುಖ ಮಾಡಿ ನಿಂತರು. ಅವರ ಸೂರಿಲ್ಲದ ಮನೆಗಳೊಳಗೆಲ್ಲ ಆ ಸದ್ದು ಹೊಕ್ಕು ಬರುತ್ತಿತ್ತು. ಗಾಡಿಯವನು ಎತ್ತಿನ ಹಗ್ಗ ಎಳೆದು ಹಿಡಿದ. ಎಷ್ಟು ಏಟು ಹಾಗೆ ಒಂಟಿಯಾಗಿ ಬಂದವೋ ನಾನು ಎಣಿಸಲಿಲ್ಲ. ಆಮೇಲೆ ಒಂದು ಏಟಿನ ಬೆನ್ನಿಗೇ, ಸ್ವಲ್ಪ ಮೆತ್ತಗೆ, ಇನ್ನೊಂದು ಬಂತು.

"ಮುದ್ಕ ಹೊಡ್ದ ಕಣ್ರಲಾ," ಎಂದ ಮರುಳಪ್ಪ, "ಪೆರುಮಾಳ ಹೊಡ್ದ."